ಗಣಕಯಂತ್ರವೂ ಮನೆಯ ಗುಟ್ಟೂ

2011ರ ಜನಗಣತಿಯ ಸಮಯದಲ್ಲಿ ಗಣತಿದಾರರು ನಮ್ಮ ಮನೆಬಾಗಿಲಿಗೆ ಬಂದುದು ಪೋಷಕರಿಗೆ ನೆನಪಿರಬಹುದು. ಈ ಸಂಚಿಕೆಯನ್ನು ಓದುವ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಆಗ ಹುಟ್ಟಿರಲಿಕ್ಕಿಲ್ಲ. ಗಣತಿದಾರರು ಚಾವಡಿಯಲ್ಲಿ ಕುಳಿತು, ನೀರು ಬೆಲ್ಲ ಸ್ವೀಕರಿಸಿ, ಮಾತೃಭಾಷೆ ಯಾವುದೆಂದು ಕೇಳಿದರು; ನಾವು ಕನ್ನಡವೆಂದು ಬರೆಸಿದೆವು. ಕಾಸರಗೋಡಿನಂತಹ ಗಡಿನಾಡಿನಲ್ಲಿ ವಾಸಿಸುವ ನಮಗೆ ಆ ಒಂದು ಪದದ ಬೆಲೆಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಲೆಕ್ಕಕ್ಕೆ ಸಿಗದ ಭಾಷೆಗೆ ಶಾಲೆಯೂ ಸುಲಭವಲ್ಲ, ಪಠ್ಯಪುಸ್ತಕವೂ ಸುಲಭವಲ್ಲ. ಅಲ್ಲದೆ 1948ರ ಜನಗಣತಿ ಕಾನೂನಿನ 15ನೆಯ ವಿಧಿಯಂತೆ ನಾವು ಬರೆಸಿದ ವಿವರಗಳನ್ನು ಯಾರೂ ತೆರೆದು ನೋಡುವಂತಿಲ್ಲ.

ಆದರೆ ಬಾಗಿಲು ತಟ್ಟದೆ, ಕೇಳದೆ, ಯಾರೋ ನಮ್ಮನ್ನು ಎಣಿಸಿಕೊಂಡು ಹೋದರೆ? ನಮ್ಮ ಮನೆಯ ಗಣಕಯಂತ್ರಗಳ ವಿಷಯದಲ್ಲಿ ಇಂತಹ ಪ್ರಶ್ನೆಯೊಂದು ಎದ್ದಿದೆ. ಅದನ್ನೇ ಈ ಪಾಠದಲ್ಲಿ ನೋಡೋಣ.

ಮೊದಲು ಒಂದು ಪದವನ್ನು ತಿಳಿದುಕೊಳ್ಳಬೇಕು. ಗ್ರೀಕ್ ಭಾಷೆಯಲ್ಲಿ ‘ಟೆಲೆ’ ಎಂದರೆ ದೂರ, ‘ಮೆಟ್ರಾನ್’ ಎಂದರೆ ಅಳತೆ. ದೂರದಲ್ಲಿರುವ ವಸ್ತುವಿನ ಸ್ಥಿತಿಗತಿಯನ್ನು ಅಳೆದು ತರಿಸಿಕೊಳ್ಳುವ ವಿದ್ಯೆಗೆ ಟೆಲಿಮೆಟ್ರಿ, ಅರ್ಥಾತ್ ದೂರಮಾಪನ ಎಂದು ಹೆಸರು. ಆಕಾಶದಲ್ಲಿ ಸುತ್ತುವ ಉಪಗ್ರಹವು ತನ್ನ ಬಿಸಿ ಎಷ್ಟು, ವಿದ್ಯುತ್ತು ಎಷ್ಟು ಎಂದು ಬೆಂಗಳೂರಿನಲ್ಲಿರುವ ಇಸ್ರೋ ಕೇಂದ್ರಕ್ಕೆ ತಿಳಿಸುತ್ತಿರುವುದು ಈ ವಿದ್ಯೆಯಿಂದಲೇ. ಉಪಗ್ರಹಕ್ಕೆ ಗುಟ್ಟು ಎಂಬುದಿಲ್ಲ. ನಮ್ಮ ಮೇಜಿನ ಮೇಲಿನ ಯಂತ್ರವೂ ಹಾಗೆಯೇ ತನ್ನನ್ನು ತಯಾರಿಸಿದವರಿಗೆ ವರದಿ ಕಳುಹಿಸತೊಡಗಿದಾಗ ಮಾತ್ರ ವಿಷಯ ಬೇರೆಯಾಗುತ್ತದೆ, ಏಕೆಂದರೆ ಅದರ ಎದುರಿಗೆ ಕುಳಿತವರು ನಾವು.

ನಮ್ಮ ಕೇರಳದ ಶಾಲೆಗಳಲ್ಲಿ ‘ಕೈಟ್’ ಸಂಸ್ಥೆಯವರು ಉಬುಂಟುವನ್ನು ಆಧಾರವಾಗಿಟ್ಟುಕೊಂಡು ಸಿದ್ಧಪಡಿಸಿದ ಗ್ನೂ-ಲಿನಕ್ಸ್ ಬಳಕೆಯಲ್ಲಿದೆ. ಯಂತ್ರವನ್ನು ನಡೆಸುವ ಮೂಲ ತಂತ್ರಾಂಶಕ್ಕೆ ಕಾರ್ಯಾಚರಣೆ ವ್ಯವಸ್ಥೆ ಎನ್ನುತ್ತಾರೆ. ಲಿನಕ್ಸ್ ಅಂತಹ ಒಂದು ವ್ಯವಸ್ಥೆ. ಇದು ಮುಕ್ತ ತಂತ್ರಾಂಶ. ಎಂದರೆ ಇದರ ಒಳಬರಹವನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು. ಆದುದರಿಂದ ಇದರಲ್ಲಿ ಕದ್ದು ನೋಡುವ ವ್ಯವಹಾರವೇ ಇರಲಾರದೆಂದು ಹಲವರು ಭಾವಿಸಿದ್ದಾರೆ. ನಾವೂ ಹಾಗೆಯೇ ಭಾವಿಸಿದ್ದೆವು. ಅದು ಪೂರ್ತಿ ಸರಿಯಲ್ಲ.

2012ರ ಅಕ್ಟೋಬರ್ ತಿಂಗಳಲ್ಲಿ ಉಬುಂಟುವಿನ 12.10 ಎಂಬ ಆವೃತ್ತಿ ಹೊರಬಂದಿತು. ಅದರಲ್ಲಿ ತಮ್ಮದೇ ಯಂತ್ರದೊಳಗಿನ ಕಡತವನ್ನು ಹುಡುಕಲು ಬಳಕೆದಾರರು ಒಂದು ಚೌಕದಲ್ಲಿ ಹೆಸರು ಬರೆಯುತ್ತಿದ್ದರು. ಹಾಗೆ ಬರೆದ ಅಕ್ಷರಗಳು ಯಂತ್ರದೊಳಗೇ ಉಳಿಯದೆ ಉಬುಂಟುವಿನ ಒಡೆತನದ ಕೆನಾನಿಕಲ್ ಕಂಪೆನಿಯ ಸರ್ವರಿಗೂ ಹೋಗುತ್ತಿದ್ದುವು. ಅಲ್ಲಿಂದ ಅಮೆಜಾನ್ ಅಂಗಡಿಯ ಸರಕುಗಳ ಪಟ್ಟಿ ಮರಳಿ ಬಂದು ಪರದೆಯ ಮೇಲೆ ಕಾಣಿಸುತ್ತಿತ್ತು. ಯಾರಾದರೂ ಕೊಂಡರೆ ಕಂಪೆನಿಗೆ ಒಂದು ಪಾಲು. ಮನೆಯ ಕಪಾಟಿನಲ್ಲಿ ಅಜ್ಜನ ಕಾಗದಪತ್ರ ಹುಡುಕುತ್ತಿರುವಾಗ ಪೇಟೆಯ ಅಂಗಡಿಯವನು ಕಿಟಕಿಯಿಂದ ಇಣುಕಿ, ‘ಏನು ಬೇಕಿತ್ತು?’ ಎಂದು ಕೇಳಿದಂತಾಯಿತು ಇದು. ಅಮೆರಿಕದ ಎಲೆಕ್ಟ್ರಾನಿಕ್ ಫ್ರಂಟಿಯರ್ ಫೌಂಡೇಶನ್ ಆ ತಿಂಗಳಲ್ಲೇ ಆಕ್ಷೇಪವೆತ್ತಿತು. ಮುಕ್ತ ತಂತ್ರಾಂಶ ಚಳವಳಿಯನ್ನು 1983ರಲ್ಲಿ ಪ್ರಾರಂಭಿಸಿದ ರಿಚರ್ಡ್ ಸ್ಟಾಲ್‌ಮನ್ ಅವರು ಡಿಸೆಂಬರಿನಲ್ಲಿ ಇದನ್ನು ಗೂಢಚಾರ ತಂತ್ರಾಂಶವೆಂದೇ ಕರೆದರು. ಬೇಡವೆನ್ನುವವರಿಗೆ ನಿಲ್ಲಿಸುವ ಗುಂಡಿಯೊಂದು ಇತ್ತು, ನಿಜ. ಆದರೆ ಅದನ್ನು ಹುಡುಕಿ ಒತ್ತುವವರೆಷ್ಟು ಮಂದಿ? ಕೊನೆಗೆ 2016ರ 16.04 ಆವೃತ್ತಿಯಲ್ಲಿ ಈ ಹುಡುಕಾಟವು ತಾನಾಗಿ ನಡೆಯದಂತೆ ಮಾಡಲಾಯಿತು.

ಹುಡುಕಿದ ಪದಗಳಲ್ಲಿ ಹೆಸರಿಲ್ಲವಷ್ಟೇ, ಏನು ಕೆಡುಕು ಎಂದು ಕೇಳುವವರಿದ್ದಾರೆ. 2006ರಲ್ಲಿ ಎ.ಓ.ಎಲ್. ಎಂಬ ಅಮೆರಿಕದ ಕಂಪೆನಿಯು ಸುಮಾರು 6,50,000 ಮಂದಿಯ ಹುಡುಕಾಟಗಳನ್ನು ಹೆಸರು ತೆಗೆದು, ಬರೇ ಸಂಖ್ಯೆಗಳನ್ನಿಟ್ಟು ಪ್ರಕಟಿಸಿತು. ಕೆಲವೇ ದಿನಗಳಲ್ಲಿ ಪತ್ರಕರ್ತರು ಒಂದು ಸಂಖ್ಯೆಯ ಹಿಂದಿದ್ದ ಮಹಿಳೆಯ ಮನೆಯನ್ನೇ ತಲುಪಿದರು. ಊರಿನ ಹೆಸರು, ಬಂಧುಗಳ ಹೆಸರು, ಕಾಯಿಲೆಯ ಹೆಸರು, ಎಲ್ಲವನ್ನೂ ಆಕೆಯೇ ಹುಡುಕಿದ್ದಳು. ಹೆಸರನ್ನು ಬೇರೆ ಹೇಳಬೇಕಾಗಿರಲಿಲ್ಲ.

ಹಾಗಾದರೆ ಎಣಿಸುವುದೇ ತಪ್ಪೆ? ಹಾಗೆನ್ನಲು ಮನಸ್ಸು ಒಪ್ಪುವುದಿಲ್ಲ. ಮುಕ್ತ ತಂತ್ರಾಂಶವನ್ನು ಯಾರೂ ಕೊಳ್ಳಬೇಕಾಗಿಲ್ಲವಾದುದರಿಂದ ಎಷ್ಟು ಮಂದಿ ಬಳಸುತ್ತಾರೆಂದು ಮಾಡಿದವರಿಗೆ ತಿಳಿಯುವುದೇ ಇಲ್ಲ. ಹಳೆಯ, ಸಣ್ಣ ಯಂತ್ರಗಳನ್ನು ಇನ್ನೂ ಬಳಸುವವರಿದ್ದಾರೆಂದು ಗೊತ್ತಾಗದಿದ್ದರೆ ಅವುಗಳ ಬಗ್ಗೆ ಯಾರು ಯೋಚಿಸುತ್ತಾರೆ? ನಮ್ಮಂತಹ ಶಾಲೆಗಳಲ್ಲಿರುವುದು ಅಂತಹ ಯಂತ್ರಗಳೇ.

ಆದುದರಿಂದ ಪ್ರಶ್ನೆಯಿರುವುದು ಎಣಿಸುವ ಕ್ರಮದಲ್ಲಿ. ಡೆಬಿಯನ್ ಎಂಬ ವ್ಯವಸ್ಥೆಯವರು ಬಹಳ ಹಿಂದಿನಿಂದಲೂ ‘ಪಾಪ್‌ಕಾನ್’ ಎಂಬ ಲೆಕ್ಕವನ್ನಿಟ್ಟಿದ್ದಾರೆ. ಯಂತ್ರದಲ್ಲಿ ಯಾವ ಯಾವ ತಂತ್ರಾಂಶಗಳಿವೆ, ಯಾವುದನ್ನು ಈಚೆಗೆ ಬಳಸಲಾಗಿದೆ ಎಂಬ ಪಟ್ಟಿ ವಾರಕ್ಕೊಮ್ಮೆ ಹೋಗುತ್ತದೆ. ಆದರೆ ಮೊದಲೇ ಕೇಳುತ್ತಾರೆ. ಸುಮ್ಮನೆ ಮುಂದೆ ಹೋದರೆ ‘ಇಲ್ಲ’ವೆಂದೇ ಅರ್ಥ. ಬಂದ ಲೆಕ್ಕವನ್ನು ಎಲ್ಲರೂ ನೋಡುವಂತೆ ಪ್ರಕಟಿಸುತ್ತಾರೆ.

ಫೆಡೋರಾದವರು 2020ರಲ್ಲಿ 32ನೆಯ ಆವೃತ್ತಿಯಿಂದ ಕೈಗೊಂಡ ಉಪಾಯವು ನಮಗೆ ತುಂಬ ಹಿಡಿಸಿತು. ಅದಕ್ಕೆ ಮೊದಲು ಅವರು ಅಂತರಜಾಲದ ವಿಳಾಸಗಳನ್ನು ಎಣಿಸುತ್ತಿದ್ದರು. ಒಂದು ಶಾಲೆಯ ಇಪ್ಪತ್ತು ಯಂತ್ರಗಳು ಒಂದೇ ವಿಳಾಸದಿಂದ ಹೊರಗೆ ಹೋಗುವುದುಂಟು. ಇಪ್ಪತ್ತು ಯಂತ್ರ ಲೆಕ್ಕದಲ್ಲಿ ಒಂದಾಗುತ್ತಿತ್ತು. ಹೊಸ ಕ್ರಮದಲ್ಲಿ ಪ್ರತಿಯೊಂದು ಯಂತ್ರವೂ ಹೊಸ ತಂತ್ರಾಂಶಗಳ ಪಟ್ಟಿ ಕೇಳುವಾಗ ವಾರಕ್ಕೊಂದು ಬಾರಿ 1ರಿಂದ 4ರೊಳಗಿನ ಒಂದು ಅಂಕಿಯನ್ನು ಸೇರಿಸುತ್ತದೆ. ಮೊದಲ ವಾರದ ಯಂತ್ರವಾದರೆ 1, ಮೊದಲ ತಿಂಗಳಿನದಾದರೆ 2, ಸುಮಾರು ಆರು ತಿಂಗಳ ಒಳಗಿನದಾದರೆ 3, ಅದಕ್ಕಿಂತ ಹಳೆಯದಾದರೆ 4. ಅಷ್ಟೇ. ಯಂತ್ರಕ್ಕೆ ಗುರುತುಸಂಖ್ಯೆಯೆಂಬುದೇ ಇಲ್ಲ. ನಮ್ಮ ಊರಿನ ಜಾತ್ರೆಯ ಸಂತರ್ಪಣೆಯಲ್ಲಿ ಊಟವಾದ ಮೇಲೆ ಎಲೆ ಎಣಿಸುವುದಿಲ್ಲವೆ? ಎಷ್ಟು ಮಂದಿ ಉಂಡರೆಂದು ತಿಳಿಯುತ್ತದೆ. ಯಾರು ಉಂಡರು, ಎಷ್ಟು ಸಲ ಪಾಯಸ ಹಾಕಿಸಿಕೊಂಡರು ಎಂಬುದು ತಿಳಿಯುವುದಿಲ್ಲ. ಹಾಗಿದೆ ಇದು.

ಉಬುಂಟುವಿನವರು 2018ರ 18.04 ಆವೃತ್ತಿಯಲ್ಲಿ ಇನ್ನೊಂದು ಕ್ರಮ ತಂದರು. ಮೊದಲ ಬಾರಿ ಯಂತ್ರವನ್ನು ತೆರೆದಾಗ ವರದಿ ಕಳುಹಿಸಲೇ ಎಂದು ಕೇಳುತ್ತಿತ್ತು. ಆದರೆ ‘ಹೌದು’ ಎಂಬುದಕ್ಕೆ ಮೊದಲೇ ಗುರುತು ಹಾಕಿಟ್ಟಿತ್ತು. ಅದೇ ವರ್ಷ ಜೂನಿನಲ್ಲಿ ಅವರು ಪ್ರಕಟಿಸಿದ ಲೆಕ್ಕದ ಪ್ರಕಾರ ಶೇಕಡಾ 67 ಮಂದಿ ಒಪ್ಪಿದ್ದರು. ಅವರಲ್ಲಿ ಓದಿ ಒಪ್ಪಿದವರೆಷ್ಟು, ಓದದೆ ಮುಂದೆ ಒತ್ತಿದವರೆಷ್ಟು ಎಂಬುದು ಆ ಅಂಕಿಯಿಂದ ತಿಳಿಯುವಂತಿಲ್ಲ. ಡೆಬಿಯನ್‌ನ ‘ಇಲ್ಲ’ಕ್ಕೂ ಉಬುಂಟುವಿನ ‘ಹೌದು’ಗೂ ನಡುವಿನ ಅಂತರ ಇದೇ, ಮತ್ತು ಈ ವಿಷಯದಲ್ಲಿ ನಾವು ಡೆಬಿಯನ್ನಿನ ಪಕ್ಷ.

ಖಾಸಗಿತನವೆಂಬುದು ಪಟ್ಟಣದವರ ಚೋದ್ಯವೆಂದು ಯಾರೂ ತಿಳಿಯಬಾರದು. 2017ರ ಆಗಸ್ಟ್ 24ರಂದು ನಮ್ಮ ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಾಧೀಶರ ಪೀಠವು ಅದು ಸಂವಿಧಾನದತ್ತವಾದ ಮೂಲಭೂತ ಹಕ್ಕೆಂದು ಒಮ್ಮತದಿಂದ ತೀರ್ಪಿತ್ತಿತು. ಆ ದಾವೆಯನ್ನು ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು, 2012ರಲ್ಲಿ ಅದನ್ನು ಹೂಡಿದಾಗ ಅವರಿಗೆ ಎಂಬತ್ತೈದು ದಾಟಿತ್ತು. 2023ರಲ್ಲಿ ಸಂಸತ್ತು ಅಂಗೀಕರಿಸಿದ ದತ್ತಾಂಶ ಸಂರಕ್ಷಣಾ ಕಾನೂನಿನಲ್ಲಿ ಹದಿನೆಂಟು ತುಂಬದವರ ವೈಯಕ್ತಿಕ ಮಾಹಿತಿಗೆ ತಂದೆತಾಯಿಯರ ಒಪ್ಪಿಗೆ ಬೇಕೆಂದಿದೆ. ಪರದೆಯ ಅಗಲ, ನೆನಪಿನ ಗಾತ್ರ ಇವು ವೈಯಕ್ತಿಕವೆ ಎಂಬುದು ವಾದದ ವಿಷಯ. ಪೋಷಕರು ಇದನ್ನು ಮನೆಯಲ್ಲಿ ಮಕ್ಕಳೊಂದಿಗೆ ಮಾತನಾಡಿದರೆ ಒಳ್ಳೆಯದು.

ಮುಕ್ತ ತಂತ್ರಾಂಶದ ಒಂದು ಗುಣವನ್ನು ಮಾತ್ರ ಮರೆಯುವಂತಿಲ್ಲ: ಏನು ಹೋಗುತ್ತದೆಂದು ನಾವೇ ತೆರೆದು ನೋಡಬಹುದು. 18.04 ಇರುವ ನಮ್ಮ ಮನೆಯ ಹಳೆಯ ಯಂತ್ರದಲ್ಲಿ ‘ಉಬುಂಟು-ರಿಪೋರ್ಟ್ ಶೋ’ ಎಂಬ ಆಜ್ಞೆಯನ್ನು ಕೊಟ್ಟು, ನಾಲ್ಕಾರು ಮಕ್ಕಳನ್ನು ಕೂರಿಸಿಕೊಂಡು ಸಾಲುಸಾಲಾಗಿ ಓದಿದೆವು. ತಯಾರಕರ ಹೆಸರು, ಪರದೆಯ ಅಳತೆ, ಡಿಸ್ಕಿನ ಗಾತ್ರ, ಕೊಲ್ಕತ್ತಾದ ಗಡಿಯಾರ. ನಮ್ಮ ಕಡತಗಳ ಸುದ್ದಿಯಾಗಲಿ ಹೆಸರಾಗಲಿ ಇರಲಿಲ್ಲ. ಕಳುಹಿಸೋಣವೆಂದು ಮಕ್ಕಳು ಒಪ್ಪುವುದರಲ್ಲಿದ್ದರು. ಆಗ ಒಬ್ಬಳು ಹುಡುಗಿ ಭಾಷೆಯ ಸಾಲಿಗೆ ಬೆರಳಿಟ್ಟಳು. ಅಲ್ಲಿ ಇಂಗ್ಲಿಷ್ ಎಂದಿತ್ತು. ಯಂತ್ರವನ್ನು ಸ್ಥಾಪಿಸುವಾಗ ಕನ್ನಡವನ್ನು ಆರಿಸಿಕೊಳ್ಳಲು ಅವಕಾಶವಿದ್ದರೂ ಆರಿಸದಿದ್ದವರು ನಾವೇ. ಅಂದು ಸಂಜೆ ಎಲ್ಲರೂ ಕುಳಿತು ಮೊದಲು ಆ ಸಾಲನ್ನು ತಿದ್ದಿದೆವು.