ಅಧ್ಯಯನ ಪಾಠ: ಆರೈಕೆಯಲ್ಲಿರುವ ವಿಕಲಚೇತನರಿಗೆ ಸಂಬಂಧಿಸಿದ ಗಂಭೀರ ಘಟನೆಗಳ ವರದಿ

ಪಾಠದ ಉದ್ದೇಶ: ವಸತಿ ಕೇಂದ್ರ, ವಿಶೇಷ ಶಾಲೆ ಅಥವಾ ಮನೆಯಲ್ಲಿ ಇತರರ ಆರೈಕೆಯನ್ನು ಅವಲಂಬಿಸಿರುವ ವಿಕಲಚೇತನರ ಮೇಲೆ ದೌರ್ಜನ್ಯ ಅಥವಾ ನಿರ್ಲಕ್ಷ್ಯ ನಡೆದಾಗ ಗ್ರಾಮ ಪಂಚಾಯಿತಿ ಸದಸ್ಯರು ಯಾರಿಗೆ, ಎಷ್ಟು ಬೇಗ, ಯಾವ ರೀತಿಯಲ್ಲಿ ಮಾಹಿತಿ ನೀಡಬೇಕೆಂಬುದನ್ನು ತಿಳಿಸುವುದು.

1. ಹಿನ್ನೆಲೆ

2001ರ ಆಗಸ್ಟ್ 6ರಂದು ತಮಿಳುನಾಡಿನ ರಾಮನಾಥಪುರಂ ಜಿಲ್ಲೆಯ ಏರ್ವಾಡಿಯಲ್ಲಿ ಖಾಸಗಿ ಮಾನಸಿಕ ಆರೈಕೆ ಕೇಂದ್ರವೊಂದಕ್ಕೆ ಬೆಂಕಿ ಬಿದ್ದು 28 ನಿವಾಸಿಗಳು ಮೃತಪಟ್ಟರು. ಅವರನ್ನು ಸರಪಳಿಯಿಂದ ಬಿಗಿದಿದ್ದ ಕಾರಣ ಓಡಿ ಪಾರಾಗಲು ಸಾಧ್ಯವಾಗಲಿಲ್ಲ. ಅಲ್ಲಿ ರೋಗಿಗಳಿಗೆ ಸರಪಳಿ ಹಾಕುವ ರೂಢಿ ಗುಟ್ಟಿನದಾಗಿರಲಿಲ್ಲ. ಬೆಂಕಿ ಒಂದು ದಿನದ ಅವಘಡ. ಸರಪಳಿ ದಿನನಿತ್ಯದ ಘಟನೆ. ವರದಿಯಾಗಬೇಕಾದದ್ದು ಸಾವು ಮಾತ್ರವಲ್ಲ, ಸಾವಿಗೆ ದಾರಿ ಮಾಡುವ ಸ್ಥಿತಿಯೂ ಹೌದು ಎಂಬುದೇ ಈ ದುರಂತದ ಪಾಠ. ಮಾನಸಿಕ ಆರೋಗ್ಯ ಆರೈಕೆ ಅಧಿನಿಯಮ, 2017ರ ಕಲಂ 95 ಮಾನಸಿಕ ಅಸ್ವಸ್ಥರನ್ನು ಯಾವುದೇ ರೀತಿಯಲ್ಲಿ ಸರಪಳಿಯಿಂದ ಬಂಧಿಸುವುದನ್ನು ನಿಷೇಧಿಸಿದೆ.

2. ಯಾವುವು ಗಂಭೀರ ಘಟನೆಗಳು

ಅಸಹಜ ಅಥವಾ ಅನುಮಾನಾಸ್ಪದ ಸಾವು, ಕಾರಣ ತಿಳಿಯದ ಗಾಯ, ಮೂಳೆ ಮುರಿತ, ಸುಟ್ಟ ಗಾಯ, ಲೈಂಗಿಕ ದೌರ್ಜನ್ಯ, ಕಟ್ಟಿಹಾಕುವುದು, ಕೂಡಿಹಾಕುವುದು, ಅನ್ನ, ನೀರು, ಔಷಧ ನಿರಾಕರಿಸುವುದು, ಗಾಲಿಕುರ್ಚಿ, ಊರುಗೋಲು, ಶ್ರವಣ ಸಾಧನಗಳನ್ನು ಕಸಿದುಕೊಳ್ಳುವುದು ಅಥವಾ ಹಾಳುಮಾಡುವುದು, ಮಾಸಾಶನದ ಹಣ ದುರುಪಯೋಗ, ನಿವಾಸಿಯು ಕಾಣೆಯಾಗುವುದು. ಆರೈಕೆ ನೀಡುವವರು ಬಂಧುಗಳೇ ಆಗಿದ್ದರೂ ಈ ಘಟನೆಗಳ ಗಾಂಭೀರ್ಯ ಕಡಿಮೆಯಾಗುವುದಿಲ್ಲ.

3. ಕಾನೂನಿನ ಆಧಾರ

(ಅ) ವಿಕಲಚೇತನರ ಹಕ್ಕುಗಳ ಅಧಿನಿಯಮ, 2016ರ ಕಲಂ 7ರಂತೆ, ದೌರ್ಜನ್ಯ ನಡೆದಿದೆ, ನಡೆಯುತ್ತಿದೆ ಅಥವಾ ನಡೆಯುವ ಸಂಭವವಿದೆ ಎಂದು ನಂಬಲು ಕಾರಣವಿರುವ ಯಾವುದೇ ವ್ಯಕ್ತಿಯು ಕಾರ್ಯನಿರ್ವಾಹಕ ದಂಡಾಧಿಕಾರಿಗೆ ಮಾಹಿತಿ ನೀಡಬಹುದು. ತಾಲ್ಲೂಕಿನಲ್ಲಿ ತಹಶೀಲ್ದಾರರೇ ಈ ದಂಡಾಧಿಕಾರಿ. ಮಾಹಿತಿ ಬಂದ ಕೂಡಲೇ ದೌರ್ಜನ್ಯ ನಿಲ್ಲಿಸಲು ಅವರು ಕ್ರಮ ಕೈಗೊಳ್ಳಬೇಕು. ಸಂತ್ರಸ್ತರ ರಕ್ಷಣೆಗೆ ಆದೇಶಿಸಬಹುದು. ಆದರೆ ಸುರಕ್ಷಿತ ವಶದಲ್ಲಿರಿಸುವುದು ಆ ವ್ಯಕ್ತಿಯು ಬಯಸಿದಲ್ಲಿ ಮಾತ್ರ.

(ಆ) ಇದೇ ಅಧಿನಿಯಮದ ಕಲಂ 92ರಂತೆ, ತಮ್ಮ ಸುಪರ್ದಿನಲ್ಲಿರುವ ವಿಕಲಚೇತನರಿಗೆ ತಿಳಿದೂ ಆಹಾರ ಅಥವಾ ನೀರು ನಿರಾಕರಿಸುವುದು ಅಪರಾಧ. ಇದಕ್ಕೆ 6 ತಿಂಗಳಿಗೆ ಕಡಿಮೆಯಿಲ್ಲದ, 5 ವರ್ಷಗಳವರೆಗೆ ವಿಸ್ತರಿಸಬಹುದಾದ ಕಾರಾವಾಸ ಮತ್ತು ದಂಡವಿದೆ.

(ಇ) ಸಂತ್ರಸ್ತರು 18 ವರ್ಷದೊಳಗಿನವರಾಗಿದ್ದು ಲೈಂಗಿಕ ದೌರ್ಜನ್ಯದ ಶಂಕೆ ಇದ್ದಲ್ಲಿ, ಪೋಕ್ಸೊ ಅಧಿನಿಯಮ, 2012ರ ಕಲಂ 19ರಂತೆ ಪೊಲೀಸರಿಗೆ ತಿಳಿಸುವುದು ಕಡ್ಡಾಯ. ತಿಳಿದೂ ತಿಳಿಸದಿರುವುದೇ ಕಲಂ 21ರಡಿ ಶಿಕ್ಷಾರ್ಹ. ಸದ್ಭಾವನೆಯಿಂದ ಮಾಹಿತಿ ನೀಡಿದವರಿಗೆ ಕಾನೂನಿನ ರಕ್ಷಣೆಯಿದೆ.

(ಈ) ಗ್ರಾಮದಲ್ಲಿ ಸಂಭವಿಸುವ ಹಠಾತ್, ಅಸಹಜ ಅಥವಾ ಅನುಮಾನಾಸ್ಪದ ಸಾವನ್ನು ಕೂಡಲೇ ದಂಡಾಧಿಕಾರಿಗೆ ಅಥವಾ ಪೊಲೀಸ್ ಠಾಣೆಗೆ ತಿಳಿಸುವ ಹೊಣೆಯನ್ನು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, 2023ರ ಕಲಂ 34 ವಿಧಿಸುತ್ತದೆ. ಈ ಕಲಮಿನ ವಿವರಣೆಯಲ್ಲಿ ಪಂಚಾಯಿತಿ ಸದಸ್ಯರನ್ನು ಸ್ಪಷ್ಟವಾಗಿ ಹೆಸರಿಸಲಾಗಿದೆ. ಆದುದರಿಂದ ವಸತಿ ಕೇಂದ್ರದಲ್ಲಿ ಇಂತಹ ಸಾವು ಸಂಭವಿಸಿದಾಗ, ಪೊಲೀಸರಿಗೆ ತಿಳಿಸದೆ ಅಂತ್ಯಸಂಸ್ಕಾರ ನಡೆಯುವುದನ್ನು ಸದಸ್ಯರು ನೋಡಿ ಸುಮ್ಮನಿರುವಂತಿಲ್ಲ.

4. ಮೊದಲ 24 ಗಂಟೆಗಳು

ಮೊದಲು ಪ್ರಾಣರಕ್ಷಣೆ ಮತ್ತು ಚಿಕಿತ್ಸೆ. ತುರ್ತು ನೆರವಿಗೆ 112. ಮಕ್ಕಳಿಗಾಗಿ 1098, ಉಚಿತ ಕಾನೂನು ನೆರವಿಗಾಗಿ 15100. ಲೈಂಗಿಕ ದೌರ್ಜನ್ಯಕ್ಕೊಳಗಾದವರಿಗೆ ಸರ್ಕಾರಿ ಮತ್ತು ಖಾಸಗಿ ಆಸ್ಪತ್ರೆಗಳೆರಡೂ ಉಚಿತವಾಗಿ ತಕ್ಷಣ ಚಿಕಿತ್ಸೆ ನೀಡಬೇಕು. ಬಟ್ಟೆ, ಹಾಸಿಗೆಗಳನ್ನು ತೊಳೆಯಲು ಬಿಡಬಾರದು. ದೂರವಾಣಿಯಲ್ಲಿ ತಿಳಿಸಿದ್ದನ್ನು ಅದೇ ದಿನ ಲಿಖಿತವಾಗಿ ಠಾಣೆಗೂ ತಹಶೀಲ್ದಾರರಿಗೂ ಸಲ್ಲಿಸಿ, ಸ್ವೀಕೃತಿ ಪಡೆಯಬೇಕು. ಪ್ರತಿಯನ್ನು ಜಿಲ್ಲಾ ವಿಕಲಚೇತನರ ಕಲ್ಯಾಣಾಧಿಕಾರಿಗೆ ಕಳುಹಿಸಬೇಕು.

ಸಂತ್ರಸ್ತರನ್ನು ಮತ್ತೆ ಮತ್ತೆ ಪ್ರಶ್ನಿಸಬಾರದು. ಆರೋಪಕ್ಕೊಳಗಾದವರ ಎದುರಿನಲ್ಲಂತೂ ಕೂಡದು. ಮಾತು ಬಾರದವರು ಹೇಳಲಾರರೆಂದು ಭಾವಿಸುವುದು ತಪ್ಪು: ಸಂಜ್ಞೆ, ಚಿತ್ರ, ಮುಖಭಾವಗಳ ಮೂಲಕ ಅವರು ಹೇಳುತ್ತಾರೆ. ಲೈಂಗಿಕ ದೌರ್ಜನ್ಯಕ್ಕೊಳಗಾದ ವಿಕಲಚೇತನ ಮಹಿಳೆಯ ದೂರನ್ನು ಆಕೆಯ ಮನೆಯಲ್ಲಿ ಅಥವಾ ಆಕೆಗೆ ಅನುಕೂಲವಾದ ಸ್ಥಳದಲ್ಲಿ, ಭಾಷಾಂತರಕಾರರ ಅಥವಾ ವಿಶೇಷ ಶಿಕ್ಷಕರ ಸಮಕ್ಷಮ ಪೊಲೀಸರು ದಾಖಲಿಸಿಕೊಳ್ಳಬೇಕೆಂದು ನಾಗರಿಕ ಸುರಕ್ಷಾ ಸಂಹಿತೆಯ ಕಲಂ 173 ವಿಧಿಸಿದೆ.

5. ವರದಿ ಬರೆಯುವ ಕ್ರಮ

ಕಲ್ಪಿತ ಉದಾಹರಣೆ: ವಸತಿ ಕೇಂದ್ರವೊಂದಕ್ಕೆ ಭೇಟಿ ನೀಡಿದ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಮಾತು ಬಾರದ ಯುವಕನೊಬ್ಬನ ಮಣಿಕಟ್ಟಿನಲ್ಲಿ ಗಾಯ ಕಂಡರು.

ದೋಷಯುಕ್ತ ವರದಿ: "ಕೇಂದ್ರದಲ್ಲಿ ಹುಡುಗನಿಗೆ ಹಿಂಸೆ ಕೊಡುತ್ತಿದ್ದಾರೆ, ಕ್ರಮ ಕೈಗೊಳ್ಳಿ."

ಸರಿಯಾದ ವರದಿ: "ಬೆಳಿಗ್ಗೆ 10.30ಕ್ಕೆ ನೋಡಿದಾಗ ಎರಡೂ ಮಣಿಕಟ್ಟುಗಳ ಸುತ್ತ ಬಳೆಯಂತೆ ಕೆಂಪು ಗಾಯವಿತ್ತು. ಮಂಚದ ಕಾಲಿಗೆ ಹಗ್ಗ ಕಟ್ಟಿತ್ತು. ಕೇಳಿದಾಗ ಯುವಕನು ಹಗ್ಗದ ಕಡೆ ಕೈ ತೋರಿಸಿದನು. ಬಿದ್ದು ಆದ ಗಾಯವೆಂದು ಮೇಲ್ವಿಚಾರಕರು ತಿಳಿಸಿದರು. 11.15ಕ್ಕೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯಲಾಯಿತು."

ಮೊದಲನೆಯದು ತೀರ್ಪು, ಎರಡನೆಯದು ಸಾಕ್ಷ್ಯ. ಕಂಡದ್ದು, ಕೇಳಿದ್ದು, ಮಾಡಿದ್ದು — ಈ ಮೂರನ್ನು ಸಮಯಸಹಿತ ಬೇರೆ ಬೇರೆಯಾಗಿ ಬರೆದರೆ ವರದಿಗೆ ಬಲ ಬರುತ್ತದೆ. ಆರೋಪ ಸಾಬೀತುಪಡಿಸುವ ಹೊಣೆ ವರದಿಗಾರರದಲ್ಲ. ಅದು ತನಿಖೆಯ ಕೆಲಸ.

6. ಸದಸ್ಯರು ಮಾಡಬಾರದ ಕಾರ್ಯಗಳು

ರಾಜಿ ಪಂಚಾಯಿತಿ ಮಾಡುವುದು ಎಲ್ಲಕ್ಕಿಂತ ಅಪಾಯಕಾರಿ. ಊರಿನ ಮರ್ಯಾದೆಯ ಹೆಸರಿನಲ್ಲಿ ಹಣ ಕೊಡಿಸಿ ವಿಷಯ ಮುಗಿಸಿದಲ್ಲಿ, ಸಂತ್ರಸ್ತರು ಅದೇ ಕೈಗಳ ಆರೈಕೆಗೆ ಮರಳುತ್ತಾರೆ. ಮುಂದಿನ ಸಲ ದೂರುವ ಧೈರ್ಯವೂ ಉಳಿಯುವುದಿಲ್ಲ. ಹೆಸರು, ಭಾವಚಿತ್ರಗಳನ್ನು ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹಂಚಬಾರದು. ಗ್ರಾಮಸಭೆಯಲ್ಲಿ ಗುರುತು ಬಹಿರಂಗಪಡಿಸಬಾರದು. ಮಾಹಿತಿ ನೀಡಿದ ಸಿಬ್ಬಂದಿಯ ಹೆಸರನ್ನು ಕೇಂದ್ರದ ಆಡಳಿತಕ್ಕೆ ತಿಳಿಸಬಾರದು.

7. ಪಂಚಾಯಿತಿ ಹಂತದ ಸಿದ್ಧತೆ

ವ್ಯಾಪ್ತಿಯಲ್ಲಿರುವ ವಸತಿ ಕೇಂದ್ರಗಳ ಪಟ್ಟಿ ಮಾಡಿ, 2016ರ ಅಧಿನಿಯಮದಡಿ ನೋಂದಣಿಯಾಗಿದೆಯೇ ಎಂದು ಪರಿಶೀಲಿಸುವುದು ಸೂಕ್ತ. ಮಲಗುವ ಕೋಣೆಗೆ ಹೊರಗಿನಿಂದ ಬೀಗ ಹಾಕುವರೇ, ಬೆಂಕಿ ಬಿದ್ದರೆ ಹೊರಬರಲು ದಾರಿಯಿದೆಯೇ ಎಂಬುದನ್ನು ಭೇಟಿಯ ವೇಳೆ ಕಣ್ಣಾರೆ ನೋಡಬೇಕು. ಮನೆಯಿಂದ ಹೊರಬರಲಾಗದ ವಿಕಲಚೇತನರನ್ನು ಪುನರ್ವಸತಿ ಕಾರ್ಯಕರ್ತರು ನಿಯಮಿತವಾಗಿ ಕಂಡು ಬರುವಂತೆ ವ್ಯವಸ್ಥೆ ಮಾಡಬೇಕು. ಗೋಪ್ಯ ವಹಿಯಲ್ಲಿ ಘಟನೆ, ವರದಿಯ ದಿನಾಂಕ, ಸ್ವೀಕೃತಿ ಸಂಖ್ಯೆ ಮತ್ತು ಮುಂದಿನ ಕ್ರಮವನ್ನು ನಮೂದಿಸಬೇಕು. ಕ್ರಮವಾಗದಿದ್ದಲ್ಲಿ ರಾಜ್ಯ ವಿಕಲಚೇತನರ ಆಯುಕ್ತರಿಗೆ ದೂರು ಸಲ್ಲಿಸಬಹುದು.

ಚರ್ಚೆಗೆ ಪ್ರಶ್ನೆಗಳು

1. ತಮ್ಮ ಪಂಚಾಯಿತಿ ವ್ಯಾಪ್ತಿಯಲ್ಲಿ ಹೊರಗಿನವರು ಭೇಟಿ ನೀಡದ ಆರೈಕೆ ಕೇಂದ್ರ ಅಥವಾ ಮನೆಗಳಿವೆಯೇ?
2. ಆರೈಕೆ ಮಾಡುವ ವಯೋವೃದ್ಧ ತಾಯಿಯೇ ದಣಿದು ಮಗನನ್ನು ಕಟ್ಟಿಹಾಕಿದ್ದರೆ, ವರದಿಯ ಜೊತೆಗೆ ಆ ಕುಟುಂಬಕ್ಕೆ ಯಾವ ನೆರವು ಒದಗಿಸಬೇಕು?
3. ಕೇಂದ್ರ ನಡೆಸುವವರು ಸದಸ್ಯರೊಬ್ಬರ ಬಂಧುವಾಗಿದ್ದಲ್ಲಿ, ವರದಿ ಮಾಡುವ ಹೊಣೆಯನ್ನು ಯಾರು ವಹಿಸಬೇಕು?