ಎಳೆಯ ಮೈ ಮತ್ತು ಪ್ರೋಟೀನು

ಉಂಡ ಪ್ರೋಟೀನು ನೇರವಾಗಿ ಸ್ನಾಯುವಾಗುವುದಿಲ್ಲ. ಅದು ಜೀರ್ಣವಾಗಿ, ಅಮೈನೋ ಆಮ್ಲಗಳ ರೂಪದಲ್ಲಿ ರಕ್ತವನ್ನು ಸೇರುತ್ತದೆ. ಆಗಲೇ ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ಎಂಬ ಹಾರ್ಮೋನು ಸ್ರವಿಸುತ್ತದೆ. ಅಮೈನೋ ಆಮ್ಲಗಳು ಇಟ್ಟಿಗೆಗಳಾದರೆ, ಕಟ್ಟಡ ಆರಂಭಿಸಲು ಅಪ್ಪಣೆ ಕೊಡುವ ಮೇಸ್ತ್ರಿ ಇನ್ಸುಲಿನ್. ಲ್ಯೂಸೀನ್ ಎಂಬ ಅಮೈನೋ ಆಮ್ಲವಾದರೋ ಇಟ್ಟಿಗೆಯಾಗಿಯೂ ಅಪ್ಪಣೆಯಾಗಿಯೂ ಕೆಲಸಮಾಡುತ್ತದೆ.

ಈ ಅಪ್ಪಣೆಗೆ ಎಳೆಯ ಮೈ ಓಗೊಡುವಷ್ಟು ಬೆಳೆದ ಮೈ ಓಗೊಡದು. ಹಂದಿಮರಿಗಳ ಮೇಲಿನ ಪ್ರಯೋಗಗಳಲ್ಲಿ, ಹುಟ್ಟಿದ ಮೊದಲ ವಾರ ಹಾಲುಣಿಸಿದಾಗ ಸ್ನಾಯುಗಳಲ್ಲಿ ಪ್ರೋಟೀನು ತಯಾರಿಕೆ ಬಹಳವಾಗಿ ಏರಿತು. ನಾಲ್ಕನೆಯ ವಾರದ ಹೊತ್ತಿಗೆ ಆ ಏರಿಕೆ ಸಾಕಷ್ಟು ಕುಗ್ಗಿತ್ತು. ಮರಿಗಳಲ್ಲಿ ಕಂಡದ್ದು ಶಿಶುಗಳಿಗೆ ಯಥಾವತ್ತಾಗಿ ಅನ್ವಯಿಸದಿದ್ದರೂ, ಎಳವೆಯ ಪೋಷಣೆಯ ಮಹತ್ವವನ್ನು ಅದು ಸೂಚಿಸುತ್ತದೆ.

ನಾವು ವಾಸಿಸುವ ಪುಣೆಯ ಕೆ.ಇ.ಎಂ. ಆಸ್ಪತ್ರೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಸಂಗಡಿಗರು 1993ರಲ್ಲಿ ಸಮೀಪದ ಆರು ಹಳ್ಳಿಗಳಲ್ಲಿ ಗರ್ಭಿಣಿಯರ ಅಧ್ಯಯನವನ್ನು ಕೈಗೊಂಡರು. ಅಲ್ಲಿನ ಶಿಶುಗಳ ಸರಾಸರಿ ಜನನತೂಕ ಸುಮಾರು 2.7 ಕಿಲೋಗ್ರಾಂ, ಹೋಲಿಕೆಗೆ ತೆಗೆದುಕೊಂಡ ಇಂಗ್ಲೆಂಡಿನ ಸೌತಾಂಪ್ಟನ್ ಶಿಶುಗಳದು 3.5. ಕೊರತೆ ಹೆಚ್ಚಾಗಿ ಸ್ನಾಯುವಿನಲ್ಲಿತ್ತು. ಕೊಬ್ಬು ಅದೇ ಪ್ರಮಾಣದಲ್ಲಿ ಕುಗ್ಗಿರಲಿಲ್ಲ. ಇಂಥ ಮೈಕಟ್ಟು ಮುಂದೆ ಮಧುಮೇಹಕ್ಕೆ ಎಡೆಗೊಡಬಹುದು.

ಆದುದರಿಂದ ಮಗುವಿನ ಪೋಷಣೆ ಗರ್ಭಿಣಿಯ ತಟ್ಟೆಯಿಂದಲೇ ಆರಂಭವಾಗಬೇಕು. ಹುಟ್ಟಿದ ಬಳಿಕ ಆರು ತಿಂಗಳು ತಾಯಿಯ ಹಾಲೊಂದೇ ಸಾಕು. ಅನಂತರ ಅದರೊಡನೆ ರಾಗಿ, ಅಕ್ಕಿಗಳಿಗೆ ಬೇಳೆಯನ್ನು ಕೂಡಿಸಿ ಬೇಯಿಸಿ ಉಣಿಸಬೇಕು. ಧಾನ್ಯದಲ್ಲಿ ಕಡಮೆಯಿರುವ ಲೈಸೀನ್ ಎಂಬ ಅಮೈನೋ ಆಮ್ಲವನ್ನು ಬೇಳೆ ಒದಗಿಸುತ್ತದೆ. ಕೆನ್ನೆ ತುಂಬಿದೆಯೆಂದ ಮಾತ್ರಕ್ಕೆ ಮಗುವಿನ ಸ್ನಾಯು ಬೆಳೆದಿದೆಯೆಂದು ತಿಳಿಯಬಾರದು.