ವಿಕಿಪುಟದ ಭಾರಕ್ಕೊಂದು ಮಿತಿ

ವಿಕಿಪೀಡಿಯಾದ ಪುಟವೊಂದನ್ನು ತೆರೆದಾಗ ನಮಗೆ ಕಾಣುವುದು ಸಿದ್ಧವಾದ ಬರಹ. ಸಂಪಾದಕನು ಬರೆದಿಟ್ಟ ಮೂಲಪಾಠವು ಹಾಗಿರುವುದಿಲ್ಲ. ಅದರಲ್ಲಿ ಅಲ್ಲಲ್ಲಿ ‘ಟೆಂಪ್ಲೇಟು’ಗಳ ಹೆಸರು ಮಾತ್ರ ಇರುತ್ತದೆ. ಟೆಂಪ್ಲೇಟೆಂದರೆ ಒಮ್ಮೆ ಬರೆದಿಟ್ಟು, ಬೇಕಾದ ಪುಟಗಳಲ್ಲೆಲ್ಲ ಕರೆಸಿಕೊಳ್ಳುವ ಅಚ್ಚು. ಸರ್ವರ್ ಎಂಬ ಯಂತ್ರವು ಆ ಅಚ್ಚನ್ನು ಬಿಡಿಸಿ, ಅದರೊಳಗೆ ಇನ್ನೊಂದಿದ್ದರೆ ಅದನ್ನೂ ಬಿಡಿಸಿ, ಕಡೆಗೆ ಪುಟವನ್ನು ರಚಿಸುತ್ತದೆ.

ಅಪಾಯವಿರುವುದು ಇಲ್ಲಿಯೇ. ಒಂದು ಟೆಂಪ್ಲೇಟು ಮತ್ತೊಂದನ್ನು ಹತ್ತು ಸಲ ಕರೆಯಲಿ. ಅದು ಮೂರನೆಯದನ್ನು ಹತ್ತು ಸಲ ಕರೆಯಲಿ. ಹೀಗೆ ಆರು ಮೆಟ್ಟಿಲು ಇಳಿಯುವಷ್ಟರಲ್ಲಿ ಲೆಕ್ಕವು 10 ಲಕ್ಷವನ್ನು ಮುಟ್ಟುತ್ತದೆ. ಇದಕ್ಕೆ ಕೇಡಿನ ಬುದ್ಧಿಯೇ ಬೇಕೆಂದಿಲ್ಲ, ಉತ್ಸಾಹವೊಂದಿದ್ದರೆ ಸಾಕು.

ಒಂದು ಪುಟದ ಭಾರ ಎಲ್ಲ ಓದುಗರ ಮೇಲೆ ಬೀಳುವುದು ಹೇಗೆಂಬುದಕ್ಕೆ 2009ರ ಜೂನ್ 25 ಸಾಕ್ಷಿ. ಅಂದು ಗಾಯಕ ಮೈಕೇಲ್ ಜಾಕ್ಸನ್ ತೀರಿಕೊಂಡನು. ನಮ್ಮ ಹಾಸ್ಟೆಲಿನಲ್ಲಿ ಒಂದೇ ಹಂಡೆಯ ಸಾರನ್ನು ಎಲ್ಲರಿಗೂ ಬಡಿಸುವಂತೆ, ಒಮ್ಮೆ ರಚಿಸಿದ ಪುಟವನ್ನು ಸಂಗ್ರಹಿಸಿಟ್ಟು ಎಲ್ಲರಿಗೂ ಕೊಡುವುದು ವಿಕಿಯ ರೂಢಿ. ಆದರೆ ಆ ದಿನ ಅವನ ಪುಟವನ್ನು ಮೇಲಿಂದ ಮೇಲೆ ತಿದ್ದುತ್ತಿದ್ದರು. ತಿದ್ದಿದೊಡನೆ ಹಳೆಯ ಪ್ರತಿ ರದ್ದು. ಆಧಾರ-ಟಿಪ್ಪಣಿಗಳ ಟೆಂಪ್ಲೇಟುಗಳಿಂದ ತುಂಬಿದ್ದ ಆ ಒಂದೇ ಪುಟವನ್ನು ಅನೇಕ ಸರ್ವರುಗಳು ಏಕಕಾಲಕ್ಕೆ ಮೊದಲಿನಿಂದ ರಚಿಸತೊಡಗಿ, ವಿಕಿಪೀಡಿಯಾವೇ ತತ್ತರಿಸಿತು. ಒಂದೇ ಪುಟವನ್ನು ಹಲವರು ಒಟ್ಟಿಗೆ ರಚಿಸದಂತೆ ತಡೆಯುವ ‘ಪೂಲ್ ಕೌಂಟರ್’ ಬಂದದ್ದು ಆ ಬಳಿಕ.

ಪುಟದ ಭಾರಕ್ಕೇ ಮಿತಿಯನ್ನು ಹಾಕಿದ್ದು ಇದಕ್ಕೂ ಮುಂಚೆ, 2006ರಲ್ಲಿ, ಟಿಮ್ ಸ್ಟಾರ್ಲಿಂಗ್ ಎಂಬ ತಂತ್ರಜ್ಞ. ಟೆಂಪ್ಲೇಟುಗಳನ್ನು ಬಿಡಿಸಿದ ಪಾಠದ ಒಟ್ಟು ಗಾತ್ರಕ್ಕೆ ಸಾಮಾನ್ಯ ಮಿತಿ 20,97,152 ಬೈಟು. ಒಂದರೊಳಗೊಂದಿರುವ ಟೆಂಪ್ಲೇಟಿನ ಪಾಠವನ್ನು ಮತ್ತೆ ಮತ್ತೆ ಎಣಿಸಲಾಗುತ್ತದೆ. ‘ಇಂಥ ಪುಟವಿದೆಯೇ?’ ಎಂಬಂತಹ ದುಬಾರಿ ಪ್ರಶ್ನೆಗಳಿಗೆ 500ರ ಮಿತಿ. ಮಿತಿ ಮೀರಿದರೆ ಪುಟವೇನೂ ಅಳಿಯುವುದಿಲ್ಲ. ಮಿಕ್ಕ ಟೆಂಪ್ಲೇಟುಗಳು ಬಿಚ್ಚಿಕೊಳ್ಳದೆ ಬರಿಯ ಹೆಸರಾಗಿ ನಿಲ್ಲುತ್ತವೆ.

ಇದನ್ನು ನಾನು ಕಲಿತದ್ದು ಪೆಟ್ಟು ತಿಂದು. ನಮ್ಮ ತಾಲ್ಲೂಕಿನ ಹಳ್ಳಿಗಳ ಪಟ್ಟಿಯನ್ನು ಕನ್ನಡದಲ್ಲಿ ಬರೆದು, ಊರಿಗೊಂದು ಟೆಂಪ್ಲೇಟು, ಅದರೊಳಗೆ ಆಧಾರಗಳ ಟೆಂಪ್ಲೇಟು ಎಂದು ಸಡಗರದಿಂದ ಹೆಣೆದಿದ್ದೆನು. ನಮ್ಮೂರು ಪಟ್ಟಿಯ ಕಡೆಯಲ್ಲಿತ್ತು. ನಮ್ಮವ್ವನಿಗೆ ಓದು ಬಾರದು. ಊರ ಕೆರೆಯ ಚಿತ್ರವನ್ನಾದರೂ ನೋಡಲೆಂದು ಫೋನನ್ನು ಮುಂದೆ ಹಿಡಿದರೆ, ಚಿತ್ರವಿಲ್ಲ, ಊರಿಲ್ಲ. ‘ಟೆಂಪ್ಲೇಟು’ ಎಂಬ ಪದವೊಂದು ಸಾಲಾಗಿ ನಿಂತಿತ್ತು. “ಇದೇನಪ್ಪಾ ನಮ್ಮೂರು?” ಎಂದಳು.

ಮಿತಿ ಬೇಡವೆಂದು ನಾನು ಹೇಳಲಾರೆ. ಆದರೆ ಅಳತೆಯ ಸೇರಿನ ವಿಚಾರದಲ್ಲಿ ನನ್ನದೊಂದು ತಕರಾರುಂಟು. ಅದು ಎಣಿಸುವುದು ಅಕ್ಷರವನ್ನಲ್ಲ, ಬೈಟನ್ನು. ರೋಮನ್ ಲಿಪಿಯ ‘ಕರ್ನಾಟಕ’ಕ್ಕೆ 9 ಬೈಟು ಸಾಕು. ಕನ್ನಡದಲ್ಲಿ ಒತ್ತು, ದೀರ್ಘ ಸೇರಿ 7 ಸಂಕೇತ. ಪ್ರತಿಯೊಂದಕ್ಕೂ 3ರಂತೆ 21 ಬೈಟು. ಕೋಷ್ಟಕದ ಗುರುತುಗಳು ಹೇಗೂ ರೋಮನ್ ಲಿಪಿಯಲ್ಲಿರುವುದರಿಂದ ಇಡೀ ಪುಟವೇ ಮೂರು ಪಟ್ಟು ಭಾರವಾಗುವುದಿಲ್ಲ, ನಿಜ. ಆದರೂ ಅಷ್ಟೇ ವಿಷಯವನ್ನು ಬರೆಯುವ ಕನ್ನಡಿಗನು ಇಂಗ್ಲಿಷಿನವನಿಗಿಂತ ಬೇಗ ಗೋಡೆಗೆ ಹಾಯುತ್ತಾನೆ. ಯಂತ್ರದ ಶ್ರಮವನ್ನು ಅಳೆಯುವುದಾದರೆ ಲಿಪಿಗೆ ದಂಡವೇಕೆ?

ಸದ್ಯಕ್ಕೆ ಪಟ್ಟಿಯನ್ನು ಹೋಬಳಿವಾರು ಒಡೆದು, ಒಳಗಿನ ಟೆಂಪ್ಲೇಟುಗಳನ್ನು ಕಿತ್ತು ನೇರವಾಗಿ ಬರೆದಿದ್ದೇನೆ. ಎಷ್ಟು ಬೈಟು ಖರ್ಚಾಯಿತೆಂಬ ಲೆಕ್ಕ ಪುಟದ ಎಚ್‌ಟಿಎಮ್‌ಎಲ್ ಪ್ರತಿಯಲ್ಲಿ ಸಿಗುತ್ತದೆ. ಉಳಿಸುವ ಮುನ್ನ ಅದನ್ನು ನೋಡುವುದು ಈಗ ನನಗೆ ಅಭ್ಯಾಸ. ನಮ್ಮೂರ ಕೆರೆ ಕಾಣುತ್ತದೆ.